ಹಗೇವಿನ ಮೇಲೆ ನಿಂತ ಕಾರು

ಮುನೀಂದ್ರ ಅವರೊಂದಿಗಿನ ಮೊದಲ ಮಾತುಕತೆ ಶುರುವಾದದ್ದು ಕಾರಿನ ಸಲುವಾಗಿ ಅಲ್ಲ, ಹಗೇವಿನ ಸಲುವಾಗಿ. ಬೆಂಗಳೂರಿನ ಪೂರ್ವದ ಹಳ್ಳಿಗಳಲ್ಲಿ ರಾಗಿ ತುಂಬಿಡಲು ಅಂಗಳದ ನೆಲದೊಳಗೆ ತೋಡುತ್ತಿದ್ದ ಆ ಗುಂಡಿಗಳನ್ನು ಕಣ್ಣಾರೆ ಕಂಡವರು ಯಾರಿದ್ದಾರೆ ಎಂದು ೨೦೦೮ರ ಜನವರಿಯಲ್ಲಿ ಅವುಗಳ ದಾಖಲೆಗೆಂದು ಕಗ್ಗದಾಸಪುರದಲ್ಲಿ ವಿಚಾರಿಸಿದಾಗ, ಅರಳಿಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಮಾರಕ್ಕ ಎಂಬ ಹಿರಿಯರು ಒಂದು ಹೆಸರು ಕೊಟ್ಟರು. ಊರಿನಲ್ಲಿ ಕೊನೆಗೆ ಮುಚ್ಚಿದ್ದು ಬೈಲಪ್ಪನ ಮನೆಯ ಹಗೇವು. ಅದರ ಕತೆ ಬೇಕಾದರೆ ಅವನ ಹಿರಿಮಗ ಮುನೀಂದ್ರ ಮೇಷ್ಟ್ರನ್ನು ಹಿಡಿಯಿರಿ ಎಂದರು.

ಮೇಷ್ಟ್ರ ಮನೆಗೆ ಫೋನ್ ಮಾಡಿದಾಗ ಎತ್ತಿಕೊಂಡವರು ಅವರ ಹೆಂಡತಿ ಯಮುನಾ. ವಾರದ ದಿನಗಳಲ್ಲಿ ಕೃಷ್ಣರಾಜಪುರದ ಶಾಲೆ ಎಂದರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಶಿವಾಜಿನಗರದಲ್ಲಿ ಹಳೇ ಸಾಮಾನು ಹುಡುಕಾಟ. ಭಾನುವಾರವಂತೂ ಬೇಡ, ಅಂದು ಅವರು ಕಾರಿನ ಕೆಳಗಿರುತ್ತಾರೆ. ಹೀಗೆ ಕಳೆಯುತ್ತ ಹೋದರೆ ಕೊನೆಗೆ ದಿನವೇ ಉಳಿಯಲಿಲ್ಲ. ಆಗ ಯಮುನಾ ಅವರೇ ದಾರಿ ತೋರಿಸಿದರು.

“ಭಾನುವಾರಾನೇ ಬನ್ನಿ. ಕಾಲು ಕಾಣಿಸ್ತಿರುತ್ತೆ. ಕಾಲಿನ್ ಹತ್ರ ಕೂತ್ಕೊಂಡು ಮಾತಾಡಿ. ನಾನೂ ಹಾಗೇ ಸಂಸಾರ ಮಾಡಿರೋದು.”

ಫೆಬ್ರವರಿ ಹತ್ತರ ಭಾನುವಾರ ಹೋದಾಗ ಕಾಲುಗಳು ಕಂಡವು. ತಗಡಿನ ಚಪ್ಪರದಡಿ ಬೂದು ಬಣ್ಣದ ಪುಟ್ಟ ಕಾರೊಂದು ನಿಂತಿತ್ತು. ಅದರ ಮುಂದಿನ ಚಕ್ರಗಳ ನಡುವೆ ಗೋಣಿತಾಟು, ಗೋಣಿತಾಟಿನ ಮೇಲೆ ಐವತ್ತರ ಆಚೆಗಿನ ಮನುಷ್ಯನ ಒಂದು ಜೊತೆ ಪಾದ, ಪಾದಗಳ ಪಕ್ಕದಲ್ಲಿ ಹಳೆಯ ಹಾಲಿನಪುಡಿ ಡಬ್ಬ. ಎಂಜಿನ್‌ನಿಂದ ತೊಟ್ಟಿಕ್ಕುವ ಎಣ್ಣೆ ಆ ಡಬ್ಬಕ್ಕೆ ಬೀಳುತ್ತಿತ್ತು. ಹಗೇವಿನ ಬಗ್ಗೆ ಕೇಳಿದ್ದಕ್ಕೆ ಕೆಳಗಿನಿಂದ, ಅದೂ ಈ ಕಾರೂ ಒಂದೇ ಕತೆ, ಮೊದಲು ಆ ಅರ್ಧ ಇಂಚಿನ ಸ್ಪ್ಯಾನರ್ ಇತ್ತ ತಳ್ಳಿ ಎಂಬ ಉತ್ತರ ಬಂತು. ಮಾತು ಅನೇಕ ಭಾನುವಾರ ನಡೆಯಿತು. ಅವರು ಹೇಳಿದ್ದನ್ನು ಯಮುನಾ ಅವರಲ್ಲಿಯೂ ಅವರ ತಮ್ಮ ಪಿಳ್ಳಪ್ಪನವರಲ್ಲಿಯೂ ಕೇಳಿ ಸರಿನೋಡಿ ಇಲ್ಲಿ ಕೊಟ್ಟಿದೆ.

ಕಾರು ಸ್ಟ್ಯಾಂಡರ್ಡ್ ಟೆನ್, ಐವತ್ತರ ದಶಕದ್ದು. ಮುನೀಂದ್ರ ಅವರ ತಂದೆ ಬೈಲಪ್ಪ ಅದನ್ನು ಎಪ್ಪತ್ತರ ದಶಕದ ಮೊದಲಲ್ಲಿ ಲಿಂಗರಾಜಪುರದ ರೈಲ್ವೆ ಗಾರ್ಡ್ ಒಬ್ಬರಿಂದ ಕೊಂಡರು. ಬೈಲಪ್ಪ ಸೊಪ್ಪು, ಮೂಲಂಗಿ, ಬೀಟ್‌ರೂಟ್ ಬೆಳೆದು ರಸೆಲ್ ಮಾರುಕಟ್ಟೆಗೆ ಹಾಕುತ್ತಿದ್ದವರು. ಎತ್ತಿನ ಗಾಡಿಯಲ್ಲಿ ಹೋದರೆ ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಕೊತ್ತಂಬರಿ ತಲೆಬಾಗುತ್ತದೆ ಎಂಬುದೇ ಅವರು ಕಾರು ಕೊಂಡ ಕಾರಣ. ಹಿಂದಿನ ಸೀಟು ಕಿತ್ತು ಹಾಕಿ ಅಲ್ಲಿ ಸೊಪ್ಪಿನ ಕಟ್ಟುಗಳನ್ನು ಒಟ್ಟಿ, ಒದ್ದೆ ಗೋಣಿ ಹೊದಿಸಿ, ಹಲಸೂರಿನ ಮೇಲೆ ಹಾಯ್ದು ಬೆಳಕು ಹರಿಯುವ ಮೊದಲೇ ಶಿವಾಜಿನಗರದಲ್ಲಿರುತ್ತಿದ್ದರು. ಊರಿನವರು ಅದನ್ನು ಸೊಪ್ಪಿನ ಕಾರು ಎಂದರು. ಬೈಲಪ್ಪ ತೀರಿಕೊಂಡ ಮೇಲೆ, ತೋಟವೆಲ್ಲ ಸೈಟುಗಳಾದ ಮೇಲೆ, ಹಿಂದಿನ ಸೀಟು ಮರಳಿ ತನ್ನ ಜಾಗಕ್ಕೆ ಬಂತು. ಮುನೀಂದ್ರ ಅದೇ ಕಾರಿನಲ್ಲಿ ಗಣಿತ ಹೇಳಿಕೊಡಲು ಕೃಷ್ಣರಾಜಪುರಕ್ಕೆ ಹೋಗಿಬರತೊಡಗಿದರು. ಬೇಸಿಗೆಯಲ್ಲಿ ಬಾಗಿಲು ತೆಗೆದರೆ ಆಗಲೂ ಕೊತ್ತಂಬರಿಯ ವಾಸನೆ ಬರುತ್ತಿತ್ತು.

ತೊಂದರೆ ಶುರುವಾದದ್ದು ಅವರ ಎಡಗಾಲಿನಿಂದ. ಕಗ್ಗದಾಸಪುರದ ರೈಲ್ವೆ ಗೇಟಿನಲ್ಲಿ, ಆಮೇಲೆ ಹಳೇ ಮದ್ರಾಸ್ ರಸ್ತೆಯ ಟಿನ್ ಫ್ಯಾಕ್ಟರಿ ಬಳಿ, ಲಾರಿ ಬಸ್ಸುಗಳ ಹಿಂದೆ ನಿಂತಷ್ಟು ಹೊತ್ತೂ ಅವರು ಕ್ಲಚ್ಚಿನ ಮೇಲಿಂದ ಕಾಲು ತೆಗೆಯುತ್ತಿರಲಿಲ್ಲ. ಗೇರ್ ಬಿಡಿಸಿ ಕಾಲು ತೆಗೆಯಿರಿ ಎಂದು ಯಮುನಾ ಎಷ್ಟೋ ಸಲ ಹೇಳಿದ್ದರಂತೆ. ೨೦೦೦ದ ಕೊನೆಯ ಹೊತ್ತಿಗೆ ಕ್ಲಚ್ ಒತ್ತಿದಾಗಲೆಲ್ಲ ಎಂಜಿನ್‌ನ ಹೊಟ್ಟೆಯಲ್ಲಿ ಟೊಕ್ ಎಂದು ಸದ್ದಾಗತೊಡಗಿತು. ಎಂಜಿನ್‌ನ ಉದ್ದಕ್ಕೂ ಇರುವ ಕ್ರ್ಯಾಂಕ್ ಎಂಬ ಭಾರವಾದ ದಂಡ ಹಿಂದೆ ಮುಂದೆ ಜಾರದಂತೆ ತಡೆಯಲು ಅರ್ಧಚಂದ್ರದಂಥ ಎರಡು ತೆಳು ಬಿಲ್ಲೆಗಳಿರುತ್ತವೆ. ಕಾಲಿನ ಒತ್ತಡವೆಲ್ಲ ಕೊನೆಗೆ ಹೋಗಿ ನಿಲ್ಲುವುದು ಅವುಗಳ ಮೇಲೆ. ಅವು ಸವೆದಿದ್ದವು. ಅವನ್ನು ಬದಲಿಸಬೇಕಾದರೆ ಎಂಜಿನ್‌ನ ಅಡಿಗೆ ಬಿಗಿದಿರುವ ಎಣ್ಣೆ ತಟ್ಟೆಯನ್ನು, ಮೆಕಾನಿಕ್‌ಗಳು ಚೇಂಬರ್ ಎನ್ನುವುದನ್ನು, ಇಳಿಸಬೇಕು. ಕೆಳಗಿನಿಂದಲೇ ಕೈ ಹಾಕಬೇಕು.

ಇಂದಿರಾನಗರದ ಗ್ಯಾರೇಜಿನವರು ಇಂಥ ಮುದಿ ಕಾರನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಮನೆಯಲ್ಲೇ ಮಾಡಿಬಿಡೋಣವೆಂದು ಮುನೀಂದ್ರ ಜಾಕಿ ಏರಿಸಿ ಅಂಗಾತ ಮಲಗಿದರು. ಮೊದಲ ದಿನವೇ ಕಣ್ಣಿಗೆ ಮಣ್ಣು, ಬಾಯಿಗೆ ಎಣ್ಣೆ. ಎದೆಯ ಮೇಲೆ ಒಂದು ಗೇಣು ಜಾಗವಿಲ್ಲದೆ ಸ್ಪ್ಯಾನರ್ ತಿರುಗುತ್ತಿರಲಿಲ್ಲ. ಆಗ ಅವರಿಗೆ ಹೊಳೆದದ್ದು ಹಗೇವು.

ಅಂಗಳದ ಮೂಲೆಯಲ್ಲಿ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ್ದ ಹಗೇವು ಹದಿನೈದು ವರ್ಷದಿಂದ ಖಾಲಿ ಬಿದ್ದಿತ್ತು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು. ಒಳಗೆ ಹೋದಂತೆ ಸೋರೆಬುರುಡೆಯ ಹಾಗೆ ಹೊಟ್ಟೆ ಅಗಲ. ಅದರ ಬಾಯಿ ಮುಂದಿನ ಎರಡು ಚಕ್ರಗಳ ನಡುವೆ ಬರುವಂತೆ ಕಾರು ನಿಲ್ಲಿಸಿ, ಒಳಗೊಂದು ಡ್ರಮ್ಮು ಬೋರಲು ಹಾಕಿ, ಕಾರಿನಡಿಯಿಂದ ನುಸುಳಿ ಇಳಿದು ಅದರ ಮೇಲೆ ನಿಂತರೆ ಎಂಜಿನ್‌ನ ತಳ ಮುಖದೆದುರಿಗೇ ಬರುತ್ತದೆ. ಲೆಕ್ಕ ಸರಿಯಾಗಿತ್ತು. ಒಪ್ಪಬೇಕಾದವರು ತಾಯಿ ಆಂಜನಮ್ಮ.

ಆಂಜನಮ್ಮ ಒಪ್ಪಿದರು, ಆದರೆ ಕಟ್ಟುಪಾಡಿನೊಂದಿಗೆ. ಅದು ಅನ್ನ ಇಟ್ಟ ಜಾಗ, ಚಪ್ಪಲಿ ಮೆಟ್ಟಿ ಇಳಿಯುವಂತಿಲ್ಲ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಆದ್ದರಿಂದ ಪ್ರತಿ ಸಲವೂ ಮೊದಲು ಹಗ್ಗ ಕಟ್ಟಿದ ಲಾಟೀನು ಇಳಿಯಬೇಕು, ಅದು ಉರಿಯುತ್ತಿದ್ದರೆ ಮಾತ್ರ ಮನುಷ್ಯ. ದೀಪ ಆರಿದರೆ ಹೊಂಗೆ ಕೊಂಬೆ ಬೀಸಿ ಗಾಳಿ ಆಡಿಸಿ, ಕಾದು, ಮತ್ತೆ ಲಾಟೀನು. ಸಂಕ್ರಾಂತಿ ಕಳೆದು ಶುರುವಾದ ಕೆಲಸದಲ್ಲಿ ಪ್ರತಿ ಭಾನುವಾರದ ಬೆಳಗ್ಗೆ ಹೀಗೆಯೇ ಹೋಗುತ್ತಿತ್ತು. ಸೀಮೆಎಣ್ಣೆ ಬುಡ್ಡಿ, ಎಣ್ಣೆ ಬಟ್ಟೆಗಳನ್ನೆಲ್ಲ ದೂರ ಒಯ್ದಿಟ್ಟು, ಕೈಕಟ್ಟಿಕೊಂಡು ಗುಂಡಿಯ ಬಾಯ ಬಳಿ ಕೂತು, ಲಾಟೀನಿನ ಕುಡಿಯನ್ನು ನೋಡುತ್ತಿದ್ದ ತಮ್ಮನ್ನು ನೆನೆದರೆ ಮುನೀಂದ್ರ ಅವರಿಗೆ ಈಗಲೂ ಸಿಟ್ಟು ಬರುತ್ತದೆ.

ಚೇಂಬರ್ ಇಳಿದು, ಎರಡು ಮೈಯೂ ಒಂದೇ ಆಗುವಷ್ಟು ಸವೆದ ಬಿಲ್ಲೆಗಳು ಕೈಗೆ ಬಂದ ವಾರದಲ್ಲೇ ಅಂಗಳ ಅವರದಲ್ಲವೆಂದಾಯಿತು. ಅಣ್ಣತಮ್ಮಂದಿರ ಭಾಗದ ಮಾತು ಮೊದಲಿನಿಂದಲೂ ಇದ್ದದ್ದೇ. ಮನೆ ಮತ್ತು ರಸ್ತೆಯಾಚೆಯ ಕೊಟ್ಟಿಗೆ ಜಾಗ ಮುನೀಂದ್ರ ಅವರಿಗೆ, ಅಂಗಳ ಮತ್ತು ಹಿತ್ತಿಲು ಪಿಳ್ಳಪ್ಪನವರಿಗೆ. ಟೆಂಪೊ ಇಟ್ಟುಕೊಂಡು ಇಟ್ಟಿಗೆ, ಮರಳು ಸಾಗಿಸುತ್ತಿದ್ದ ಪಿಳ್ಳಪ್ಪ ಅಂಗಳದಲ್ಲಿ ಬಾಡಿಗೆ ಮನೆಗಳನ್ನು ಎಬ್ಬಿಸಲು ಹೊರಟಿದ್ದರು. ಗುದ್ದಲಿ ಪೂಜೆಗೆ ಯುಗಾದಿ ಕಳೆದ ಮರುವಾರದ ಬುಧವಾರ ಮುಹೂರ್ತ ಸಿಕ್ಕಿತು. ಪೂಜೆ ಆಗಬೇಕಾದದ್ದು ಈಶಾನ್ಯ ಮೂಲೆಯಲ್ಲಿ. ಹಗ್ಗ ಹಿಡಿದು ಅಳೆದಾಗ ಈಶಾನ್ಯ ಮೂಲೆ ಬಂದು ನಿಂತದ್ದು ಸರಿಯಾಗಿ ಹಗೇವಿನ ಬಾಯಿಯ ಮೇಲೆ.

“ಅಣ್ಣ, ಅವತ್ತು ಅಲ್ಲಿ ಗುದ್ದಲಿ ಬೀಳ್ಬೇಕು. ನಿನ್ ಕಾರ್ ಮೇಲೆ ಹಾಕ್ಲಾ?” ಎಂದರು ಪಿಳ್ಳಪ್ಪ.

ಎಳೆದುಕೊಂಡು ಹೋಗಿ ಆಚೆ ಬದಿಯ ಕೊಟ್ಟಿಗೆಯಲ್ಲಿ ನಿಲ್ಲಿಸಿದರೆ ಅಲ್ಲಿಗೆ ಮುಗಿಯುತ್ತಿತ್ತು. ರಸ್ತೆ ದಾಟುವಷ್ಟೇ ದೂರ. ಆದರೆ ಆಂಜನಮ್ಮ ಅದಕ್ಕೆ ಅಡ್ಡ ನಿಂತರು. ಆ ಮನೆಯಿಂದ ಹಗ್ಗ ಕಟ್ಟಿ ಎಳೆದು ಹೊರಗೆ ಸಾಗಿಸುತ್ತಿದ್ದದ್ದು ಒಂದನ್ನೇ, ಸತ್ತ ಎತ್ತನ್ನು. ಬದುಕಿರುವ ದನ ಎಷ್ಟೇ ಮುದಿಯಾಗಿರಲಿ, ಎಬ್ಬಿಸಿ, ನೀರು ಕುಡಿಸಿ, ಅದರ ಕಾಲ ಮೇಲೆಯೇ ಬಾಗಿಲು ದಾಟಿಸಬೇಕು. ಇದು ಅವರ ಅತ್ತೆಯ ಕಾಲದಿಂದ ಬಂದ ನಡೆ.

“ನಿಮ್ಮಪ್ಪನ ಗಾಡಿ ಕಣೋ. ಹಗ್ಗ ಹಾಕ್ಬೇಡ, ನಾಕ್ ಜನ ಹಿಂದೆ ನಿಂತು ತಳ್ಳೂಬೇಡ. ಅದು ತಾನೇ ಎದ್ದು ಹೋಗ್ಬೇಕು. ಎದ್ದೇಳಲ್ಲ ಅಂದ್ರೆ ಸತ್ತಿದೆ ಅಂತ ಹೇಳ್ಬಿಡು, ಗುಜರಿಯವ್ನು ಬಂದು ಇಲ್ಲೇ ತುಂಡು ಮಾಡಿ ಒಯ್ಲಿ.”

ಹೀಗೆ ಪಣ ಬಿದ್ದಿತು. ಬುಧವಾರದೊಳಗೆ ಕಾರು ಎದ್ದು ನಡೆಯಬೇಕು. ಇಲ್ಲವಾದರೆ ಇದ್ದಲ್ಲೇ ತುಂಡಾಗಬೇಕು. ರಸ್ತೆಯಾಚೆ ಗುಂಡಿಯಿಲ್ಲ, ಅಲ್ಲಿಗೆ ಹೋದ ಮೇಲೆ ಮತ್ತೆ ಅಂಗಾತ ಮಲಗಬೇಕಾಗುತ್ತದೆ. ಹಾಗಾಗಿ ಹಗೇವು ಕೈಯಲ್ಲಿರುವಾಗಲೇ ಅಡಿಯ ಕೆಲಸವನ್ನೆಲ್ಲ ಅಪ್ಪಟವಾಗಿ ಮುಗಿಸಬೇಕೆಂದು ಮುನೀಂದ್ರ ಹಟ ಹಿಡಿದರು. ಈ ಹಟವೇ ಮುಂದೆ ಅವರ ಕುತ್ತಿಗೆಗೆ ಬಂತು.

ಹೊಸ ಬಿಲ್ಲೆಗಳು ಸಿಕ್ಕಿದ್ದು ಶಿವಾಜಿನಗರದ ಖಾದರ್ ಅವರಲ್ಲಿ. ಹಳೆಯ ಕಾರುಗಳ ಸಾಮಾನು ಮಾರುತ್ತಿದ್ದ ಅವರ ಅಂಗಡಿ ಎಂದರೆ ಎರಡು ಗೋಡೆಗಳ ನಡುವಿನ ಒಂದು ಸಂದು. ವಾರಗಟ್ಟಲೆ ಅಲೆದಾಡಿಸಿದ ಮೇಲೆ ಒಂದು ಶನಿವಾರ ಅವರು ಉರ್ದು ಪತ್ರಿಕೆಯ ಚೂರಿನಲ್ಲಿ ಸುತ್ತಿದ ಪೊಟ್ಟಣವನ್ನು ಮುಂದಿಟ್ಟರು.

“ಅಸ್ಲೀ ಮಾಲು ಮೇಷ್ಟ್ರೇ. ಇದೇ ಆಖ್ರಿ ಜೋಡಿ. ಹಾಕೋದು ಯಾವ ಮುಖ ಯಾವ ಕಡೆ, ಗೊತ್ತೈತಲ್ಲಾ?”

“ಗೊತ್ತು” ಎಂದರು ಮುನೀಂದ್ರ. ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಮಕ್ಕಳೆದುರು ನಿಂತ ಬಾಯಿಗೆ ಬೇರೆ ಉತ್ತರ ಬರಲಿಲ್ಲ.

ಮರುದಿನ ಹಗೇವಿಗಿಳಿದು, ಪೊಟ್ಟಣ ಬಿಚ್ಚಿ, ಎಣ್ಣೆಗೈಯಲ್ಲಿ ಮೊದಲ ಬಿಲ್ಲೆ ಎತ್ತಿದರು. ಅದು ಜಾರಿ ಡ್ರಮ್ಮಿಗೆ ಬಡಿದು, ಠಣ್ ಎಂದು ಕತ್ತಲಿಗೆ ಹೋಯಿತು. ಹಗೇವಿನ ತಳದಲ್ಲಿ ಮೊಣಕಾಲುದ್ದ ಹಳೆಯ ಹೊಟ್ಟು, ರಾಗಿಹುಲ್ಲಿನ ಪುಡಿ. ಅದಾಗಲೇ ಹಲವು ಬೋಲ್ಟುಗಳನ್ನು ನುಂಗಿತ್ತು. ಟಾರ್ಚು ಹಿಡಿದು ಕೆದಕಿದರೆ ಧೂಳೆದ್ದು ಕೆಮ್ಮು ಬಂತೇ ಹೊರತು ಬಿಲ್ಲೆ ಸಿಗಲಿಲ್ಲ. ಮೇಲೆ ಬಂದ ಮಗನ ಮುಖ ನೋಡಿ ಆಂಜನಮ್ಮ ಅಟ್ಟಕ್ಕೆ ಕೈ ಹಾಕಿದರು. ರಾಗಿ ಜರಡಿ ಹಿಡಿಯುವ ಒಂದರಿಯನ್ನು ಇಳಿಸಿಕೊಂಡು ಬಂದು ನೆರಳಿನಲ್ಲಿ ಕಾಲು ನೀಡಿ ಕೂತರು. ಮುನೀಂದ್ರ ಬಕೆಟ್ಟಿನಲ್ಲಿ ಹೊಟ್ಟು ತುಂಬಿ ಮೇಲಕ್ಕೆ ಕೊಟ್ಟರು, ಯಮುನಾ ಸೇದಿ ತಂದು ಸುರಿದರು, ಅತ್ತೆ ಜಾಲಿಸಿದರು. ಸಂಜೆಯ ಹೊತ್ತಿಗೆ ಅವರ ಬಲಗಡೆ ಹಿಡಿಯಷ್ಟು ಕಪ್ಪಾದ ರಾಗಿ, ಎಡಗಡೆ ಬೋಲ್ಟು, ವಾಷರ್, ಯಾರದೋ ಕಾಲದ ತಾಮ್ರದ ಕಾಸು, ಕೊನೆಗೆ ಆ ಬಿಲ್ಲೆ.

ಆಂಜನಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಹೆಬ್ಬೆರಳಿನಿಂದ ಸವರಿದರು. ಒಂದು ಮೈ ನುಣುಪು, ಇನ್ನೊಂದು ಮೈಗೆ ಎರಡು ಅಗಲವಾದ ಗೀರು. “ಉಳಿ ಹಾಕ್ಸಿದ ಬೀಸೋ ಕಲ್ಲು ಇದ್ದಂಗಿದೆ” ಎಂದರು.

ಆ ಮಾತು ಮುನೀಂದ್ರ ಅವರ ತಲೆಯಲ್ಲಿ ಕೂತುಬಿಟ್ಟಿತು. ಎರಡು ಕಲ್ಲು ನುಣ್ಣಗಾದರೆ ರಾಗಿ ಹಿಟ್ಟಾಗುವುದಿಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಉಳಿಯಿಂದ ಗೀರು ಹಾಕಿಸುವುದು. ಗೀರಿರುವುದು ಅರೆಯಲು. ಇಲ್ಲಿ ಅರೆಯಬಾರದ್ದು ಕ್ರ್ಯಾಂಕು, ಅದು ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತುವ ದಂಡ. ಆದ್ದರಿಂದ ನುಣುಪು ಮೈ ಕ್ರ್ಯಾಂಕಿನ ಕಡೆಗೆ, ಗೀರು ಮೈ ಅಲುಗಾಡದ ಎಂಜಿನ್ನಿನ ಗೋಡೆಯ ಕಡೆಗೆ. ಕರಿಹಲಗೆಯ ಮೇಲೆ ಬರೆದ ಪ್ರಮೇಯದಂತೆ ಒಂದೊಂದು ಮೆಟ್ಟಿಲೂ ಸರಿಯಾಗಿತ್ತು. ಮನೆಯಲ್ಲಿ ಬೀಸುವ ಕಲ್ಲು ಇಲ್ಲದವನು ಬಹುಶಃ ಅಂಗಡಿಗೆ ಮರಳಿ ಹೋಗಿ ಕೇಳುತ್ತಿದ್ದ. ಮುನೀಂದ್ರ ಕೇಳಲಿಲ್ಲ. ಎರಡು ಬಿಲ್ಲೆಗಳನ್ನೂ ತಿರುವುಮುರುವಾಗಿ ಕೂರಿಸಿದರು.

ಮಾರ್ಚ್ ಕೊನೆಯ ಭಾನುವಾರ, ಯುಗಾದಿಯ ಹಿಂದಿನ ದಿನ, ಚೇಂಬರ್ ಬಿಗಿದು ಹೊಸ ಎಣ್ಣೆ ಸುರಿದಾಯಿತು. ಹಬ್ಬದ ಹೋಳಿಗೆಗೆ ಬೇಳೆ ಬೇಯಿಸಲು ಇಟ್ಟಿದ್ದ ಯಮುನಾ ಅವರನ್ನು ಕರೆದು ಸೀಟಿನಲ್ಲಿ ಕೂರಿಸಿದರು. ತಾವು ಮುಂದೆ ಬಗ್ಗಿ, ಫ್ಯಾನಿನ ಗಾಲಿಯ ಮೇಲೆ ಬೆರಳಿಟ್ಟರು. ಕ್ಲಚ್ ಒತ್ತಿದಾಗ ಆ ಗಾಲಿ ಮುಂದಕ್ಕೆ ಜಾರಬಾರದು.

“ಒತ್ತು.”

“ಒತ್ತಿದೀನಿ.”

“ಬಿಡು. ಒತ್ತು.”

“ರೀ, ಬೇಳೆ ತಳ ಹಿಡೀತಿದೆ. ನೀವು ಒತ್ತು ಬಿಡು ಅನ್ನೋದು ಕೇಳ್ಕೊಂಡೇ ನನ್ ಕಾಲು ಸವೀತು, ಇನ್ನು ಅದು ಸವೀದೇ ಇರುತ್ತಾ?”

ಗಾಲಿ ಅಲುಗಲಿಲ್ಲ. ಮುನೀಂದ್ರ ಸೆಲ್ಫ್ ಎಳೆದರು. ಎಂಜಿನ್ ಕೆಮ್ಮಿ, ಹೊಗೆ ಉಗುಳಿ, ಹೊತ್ತಿಕೊಂಡಿತು. ಪಿಳ್ಳಪ್ಪ ಹಿತ್ತಿಲಿನಿಂದ ಬಂದು ನಿಂತರು. ಆಂಜನಮ್ಮ ಬಾಗಿಲಿಗೆ ಬಂದರು. ಸ್ವಲ್ಪ ಹೊತ್ತು ಎಲ್ಲವೂ ಸರಿಯಾಗಿತ್ತು. ಆಮೇಲೆ ಎಂಜಿನ್‌ನ ಒಳಗಿನಿಂದ ಕಲ್ಲಿನ ಮೇಲೆ ಕತ್ತಿ ಮಸೆದಂಥ ಸಣ್ಣ ಸದ್ದು ಹೊರಟಿತು.

“ಈಗ್ಲೇ ಆಚೆ ತಗೊಂಡ್ಹೋಗ್ಬಿಡೋ. ಎದ್ದಿದೆ, ನಡೀಲಿ” ಎಂದರು ಆಂಜನಮ್ಮ. ಪಿಳ್ಳಪ್ಪ ಗೇಟು ತೆಗೆದೇಬಿಟ್ಟರು. ರಸ್ತೆ ಖಾಲಿಯಿತ್ತು. ಗೇರ್ ಹಾಕಿ ಕಾಲು ಬಿಟ್ಟಿದ್ದರೆ ಅಂದೇ ಎಲ್ಲವೂ ಮುಗಿದುಹೋಗುತ್ತಿತ್ತು.

ಮುನೀಂದ್ರ ಎಂಜಿನ್ ಆರಿಸಿದರು. ಅರೆಯುವ ಸದ್ದಿನೊಂದಿಗೆ ಅಪ್ಪನ ಕಾರನ್ನು ಬಾಗಿಲು ದಾಟಿಸಲಾರೆ, ಸರಿಮಾಡಿಯೇ ಹೊರಡಿಸುತ್ತೇನೆ ಎಂದರು. ಪಿಳ್ಳಪ್ಪ ಗೇಟನ್ನು ಗೋಡೆಗೆ ಬಡಿಯುವಂತೆ ಮುಚ್ಚಿ ಹೊರಟುಹೋದರು. ಹಬ್ಬದ ದಿನ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕೂತು ಬೇರೆ ಬೇರೆ ಗೋಡೆ ನೋಡಿಕೊಂಡು ಹೋಳಿಗೆ ತಿಂದರು.

ರಜೆ ಹಾಕಿ ಮತ್ತೆ ಲಾಟೀನು ಇಳಿಸಿ, ಮತ್ತೆ ಎಣ್ಣೆ ಬಸಿದು, ಚೇಂಬರ್ ಬಿಚ್ಚಿದರು. ಬಿಲ್ಲೆಗಳನ್ನು ಹೊರತೆಗೆದು ಬೆಳಕಿಗೆ ಹಿಡಿದಾಗ ಯಾರೂ ಏನೂ ಹೇಳಬೇಕಾಗಲಿಲ್ಲ. ನುಣುಪಾಗಿದ್ದ ಮೈ ಉಜ್ಜಿ, ಸುಟ್ಟು, ನೀಲಿಗಟ್ಟಿತ್ತು. ಗೀರಿದ್ದ ಮೈ ಅಂಗಡಿಯಿಂದ ತಂದ ಹಾಗೆಯೇ ಇತ್ತು. ಎರಡು ಗೀರುಗಳಲ್ಲಿಯೂ ಹೊಸ ಎಣ್ಣೆ ತಿಳಿಯಾಗಿ ನಿಂತಿತ್ತು. ಗೀರು ಇದ್ದದ್ದು ಅರೆಯಲಿಕ್ಕಲ್ಲ, ಸುತ್ತುವ ದಂಡಕ್ಕೆ ಎಣ್ಣೆ ಒಯ್ದು ಕೊಡಲಿಕ್ಕೆ. ಎಣ್ಣೆ ಬೇಕಾದ ಕಡೆಗೆ ಒಣ ಉಕ್ಕನ್ನು ಒಡ್ಡಿ, ಎಣ್ಣೆಯ ಕಾಲುವೆಯನ್ನು ಗೋಡೆಗೆ ತಿರುಗಿಸಿಟ್ಟಿದ್ದರು.

ಸಿಟ್ಟು ಬಂದರೆ ಅತ್ತಿಂದಿತ್ತ ತಿರುಗಾಡುವುದು ಮುನೀಂದ್ರ ಅವರ ರೂಢಿ. ಹಗೇವಿನ ಕುತ್ತಿಗೆಯಲ್ಲಿ ಅದಕ್ಕೂ ಜಾಗವಿರಲಿಲ್ಲ. ಡ್ರಮ್ಮಿನ ಮೇಲೆ ನಿಂತೇ, ಎರಡೂ ಕೈ ಎಣ್ಣೆಯಾಗಿ, ಹಣೆಯನ್ನು ಎಂಜಿನ್‌ಗೆ ಆನಿಸಿದರು. ಅಮ್ಮ ಹೇಳಿದ್ದಕ್ಕೇ ಹೀಗಾಯಿತು ಎಂದು ಅಂದುಬಿಟ್ಟರು. ಮೇಲಿನಿಂದ ಆಂಜನಮ್ಮನ ದನಿ ಕೇಳಿತು: “ನಾನು ಕಲ್ಲಿದ್ದಂಗಿದೆ ಅಂದೆ. ಕಾರ್‌ಗೆ ಹಿಂಗೆ ಹಾಕು ಅಂದ್ನೇನೋ?”

ಮತ್ತೆ ಶಿವಾಜಿನಗರ. ಕೊನೆಯ ಜೋಡಿ ಎಂದು ಖಾದರ್ ಹೇಳಿದ್ದು ನಿಜವಾಗಿತ್ತು. ಉಜ್ಜಿಹೋದ ಬಿಲ್ಲೆಗಳನ್ನು ತಿರುಗಿಸಿ ನೋಡಿ ಅವರು ನಗಲಿಲ್ಲ. ಗೊತ್ತೈತಲ್ಲಾ ಅಂತ ಕೇಳಿದ್ದೆ ಎಂದೂ ಅನ್ನಲಿಲ್ಲ. ಅದೇ ಮುನೀಂದ್ರ ಅವರಿಗೆ ಹೆಚ್ಚು ಚುಚ್ಚಿತು. ಗೋದಾಮಿನಲ್ಲಿ ಬಿದ್ದಿರುವ ಹಳೆಯ ಎಂಜಿನ್ ಒಂದನ್ನು ಬಿಚ್ಚಿಸಿ ನೋಡುತ್ತೇನೆ ಎಂದರು ಖಾದರ್. ಶನಿವಾರ ಬಿಚ್ಚಲಿಲ್ಲ. ಸೋಮವಾರ ಬೀಗದ ಕೈ ಅವರ ಅಳಿಯ ಮುಬೀನ್ ಹತ್ತಿರ ಇತ್ತು, ಮುಬೀನ್ ಮದುವೆಯೊಂದಕ್ಕೆ ಕೋಲಾರಕ್ಕೆ ಹೋಗಿದ್ದರು. ಮಂಗಳವಾರ ಸಂಜೆ ಬಿಲ್ಲೆಗಳು ಕೈಸೇರಿದವು. ಹಳೆಯವು, ಆದರೆ ಗೀರುಗಳು ಇನ್ನೂ ಆಳವಾಗಿದ್ದವು.

ಬುಧವಾರ ಬೆಳಕು ಹರಿಯುವ ಹೊತ್ತಿಗೆ ಲಾಟೀನು ಇಳಿಯಿತು. ಅಂದು ದೀಪ ಒಂದೇ ಸಲಕ್ಕೆ ನಿಂತು ಉರಿಯಿತು. ಗೀರು ಮೈ ಕ್ರ್ಯಾಂಕಿನ ಕಡೆಗೆ ಬರುವಂತೆ ಬಿಲ್ಲೆಗಳು ಕೂತವು, ಬೇರಿಂಗಿನ ಮುಚ್ಚಳ ಬಿಗಿದಾಯಿತು. ಉಳಿದದ್ದು ಚೇಂಬರ್ ಒಂದೇ. ಎಣ್ಣೆ ಸೋರದಂತೆ ಅದರ ಅಂಚಿಗೆ ಕೂರಿಸುವ ಕಾರ್ಕಿನ ಪ್ಯಾಕಿಂಗನ್ನು ಎತ್ತಿದಾಗ, ಎರಡು ಸಲ ಬಿಚ್ಚಿ ಬಿಗಿದು ಒಣಗಿದ್ದ ಅದು ಹಪ್ಪಳದಂತೆ ಮುರಿಯಿತು. ಒಂದು ಚೂರನ್ನು ಅಂಟಿಸುವಷ್ಟರಲ್ಲಿ ಇನ್ನೊಂದು ಮುರಿಯಿತು. ಚೇಂಬರ್ ಇಲ್ಲದೆ ಎಣ್ಣೆಯಿಲ್ಲ, ಎಣ್ಣೆಯಿಲ್ಲದೆ ಎಂಜಿನ್ ಓಡಿಸುವಂತಿಲ್ಲ. ಅಂಗಳದಲ್ಲಿ ಪುರೋಹಿತರು ಬಾಳೆಎಲೆ ಹಾಸುತ್ತಿದ್ದರು. ರಾಹುಕಾಲ ಬರುವ ಮೊದಲೇ ಗುದ್ದಲಿ ಬೀಳಬೇಕಿತ್ತು. ಪಿಳ್ಳಪ್ಪನವರ ಮಣ್ಣು ಕೆಲಸದವರು ಗುದ್ದಲಿ ಊರಿ ಸಾಲಾಗಿ ನಿಂತಿದ್ದರು.

ಮುನೀಂದ್ರ ಹಗೇವಿನಿಂದ ಮೇಲೆ ಬಂದರು. ಬಾನೆಟ್ ಎತ್ತಿ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಈಗ ಎಂಜಿನ್ ಹೊತ್ತಿಕೊಳ್ಳುವುದೂ ಇಲ್ಲ, ಒಳಗೆ ಗಾಳಿ ಕಟ್ಟಿ ತಡೆಯುವುದೂ ಇಲ್ಲ. ಎಣ್ಣೆಯಿಲ್ಲದೆಯೂ ಮೆಲ್ಲಗೆ ಸುತ್ತಬಲ್ಲದು. ಬರಿಗಾಲಲ್ಲೇ ಸೀಟಿನಲ್ಲಿ ಕೂತು, ಮೊದಲನೇ ಗೇರ್ ಹಾಕಿ, ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆದು, ಸೆಲ್ಫ್ ಎಳೆದರು. ಎಂಜಿನ್ನನ್ನು ಎಬ್ಬಿಸಲು ಇರುವ ಆ ಪುಟ್ಟ ಮೋಟರು ಬ್ಯಾಟರಿಯ ಬಲದಿಂದ ಇಡೀ ಕಾರನ್ನು ಹೊತ್ತು ಗರ್ರ್ ಗರ್ರ್ ಎನ್ನುತ್ತ ಮುಂದೆ ತೆವಳಿತು. ಒಂದು ಗಜ. ಇನ್ನೊಂದು. ಮುಂದಿನ ಚಕ್ರಗಳು ಗೇಟಿನ ಚರಂಡಿ ಕಲ್ಲು ಹತ್ತಿದವು. ಅಲ್ಲಿ ಸದ್ದು ದಪ್ಪಗಾಗಿ, ನಿಧಾನವಾಗಿ, ಟಿಕ್ ಎಂದು ನಿಂತಿತು. ಬ್ಯಾಟರಿ ಸತ್ತಿತ್ತು. ಕಾರಿನ ಹಿಂಭಾಗ ಇನ್ನೂ ಹಗೇವಿನ ಬಾಯಿಯ ಮೇಲೆಯೇ ಇತ್ತು.

ಕೆಲಸದವರು ಗುದ್ದಲಿ ಕೆಳಗಿಟ್ಟು ತಳ್ಳಲು ಮುಂದೆ ಬಂದರು. ಮನೆ ಬಾಗಿಲಿನಿಂದ ಆಂಜನಮ್ಮ ಕೈ ಎತ್ತಿದರು. “ಯಾರೂ ಮುಟ್ಬೇಡಿ.”

ಪುರೋಹಿತರು ಆಕಾಶ ನೋಡಿದರು. ಮುನೀಂದ್ರ ಸ್ಟೀರಿಂಗ್ ಹಿಡಿದು ಮುಂದಿನ ರಸ್ತೆಯನ್ನೇ ನೋಡುತ್ತ ಕೂತಿದ್ದರು. ಯುಗಾದಿಯಿಂದ ಅಣ್ಣನೊಂದಿಗೆ ಮಾತು ಬಿಟ್ಟಿದ್ದ ಪಿಳ್ಳಪ್ಪ ಗಡಿಯಾರ ನೋಡಿದರು, ತಾಯಿಯನ್ನು ನೋಡಿದರು. ಆಮೇಲೆ ಪಂಚೆ ಮೇಲೆ ಕಟ್ಟಿ ತಮ್ಮ ಟೆಂಪೊ ಹತ್ತಿರ ಹೋಗಿ, ಪೂಜೆಗೆಂದು ಉಟ್ಟಿದ್ದ ಮಡಿ ಪಂಚೆಗೆ ಮಸಿ ಹತ್ತುವುದನ್ನೂ ಲೆಕ್ಕಿಸದೆ, ಬ್ಯಾಟರಿ ಬಿಚ್ಚಿ ಹೊತ್ತು ತಂದರು.

“ಹಿಡ್ಕೋ. ಹೊಸ ಬ್ಯಾಟ್ರಿ, ಹಾಳ್ ಮಾಡಿದ್ರೆ ನೋಡು” ಎಂದರು. ತಾಯಿಯ ಕಡೆ ತಿರುಗಿ, “ಇದು ಮನೇದೇ ಅಮ್ಮ, ಆಗುತ್ತಲ್ಲಾ?” ಎಂದು ಕೇಳಿದರು. ಆಂಜನಮ್ಮ ತಲೆಯಾಡಿಸಿದರು.

ಅಣ್ಣತಮ್ಮಂದಿರು ತಂತಿ ಬಿಗಿದರು. ಮುನೀಂದ್ರ ಮತ್ತೆ ಸೆಲ್ಫ್ ಎಳೆದರು. ಕಾರು ಚರಂಡಿ ಕಲ್ಲನ್ನು ಹತ್ತಿಳಿದು, ರಸ್ತೆಯ ನಡುವೆ ಆಟೋವೊಂದನ್ನು ಕಾಯಿಸಿ, ಆಚೆ ಬದಿಯ ಕೊಟ್ಟಿಗೆಗೆ ಮೂಗು ತೂರಿಸಿ ನಿಂತಿತು. ಅಂಗಳದಲ್ಲಿ ಕಾಯಿ ಒಡೆದ ಸದ್ದು ಕೇಳಿಸಿತು.

ಪೂಜೆ ಮುಗಿದ ಮೇಲೆ ಆಂಜನಮ್ಮ ರಸ್ತೆ ದಾಟಿ ಬಂದರು. ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿಗೆ ಕುಂಕುಮ ಇಟ್ಟರು. “ಇಷ್ಟು ಮೆತ್ತಗೆ ಹೋಗೋದಾಗಿದ್ರೆ, ಸಂಕ್ರಾಂತಿಯಿಂದ ನೆಲದೊಳಗೆ ಏನ್ ಮಾಡ್ತಿದ್ದೆ ನೀನು?” ಎಂದರು. ಅದೇ ಮಧ್ಯಾಹ್ನ ಹಗೇವಿಗೆ ಮಣ್ಣು ಬಿತ್ತು. ಬೋರಲು ಹಾಕಿದ್ದ ಡ್ರಮ್ಮು ಒಳಗೇ ಉಳಿಯಿತು, ಒಂದೆರಡು ಬೋಲ್ಟುಗಳೂ.

ಹೊಸ ಪ್ಯಾಕಿಂಗ್ ಸಿಕ್ಕಿ ಎಂಜಿನ್ ಹೊತ್ತಿಕೊಂಡದ್ದು ಬೇಸಿಗೆ ರಜೆಯಲ್ಲಿ. ಟೊಕ್ ಎಂಬ ಸದ್ದು ಮತ್ತೆ ಬಂದಿಲ್ಲ. ಆದರೆ ಅಂಗಾತ ಮಲಗಿ ಬಿಗಿದ ಚೇಂಬರಿನ ಅಂಚು ಇಂದಿಗೂ ಸರಿಯಾಗಿ ಕೂತಿಲ್ಲ. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಗುಂಡಿಯೊಂದಿದ್ದಿದ್ದರೆ ಒಂದೇ ದಿನದ ಕೆಲಸ ಎಂದು ಅವರು ಗೋಣಿತಾಟಿನ ಮೇಲಿಂದ ಪದೇಪದೇ ಹೇಳುತ್ತಾರೆ. ಗುಂಡಿಯಿದ್ದ ಜಾಗದಲ್ಲಿ ಈಗ ಮೂರು ಅಂತಸ್ತು, ಕೆಳಗಿನ ಮನೆಯಲ್ಲಿ ಒಂದು ಬ್ಯೂಟಿ ಪಾರ್ಲರ್. ಆಂಜನಮ್ಮ ತೀರಿಕೊಂಡು ಮೂರು ವರ್ಷವಾಯಿತು. ಒಂದರಿ ಚಪ್ಪರದ ಗಳುವಿಗೆ ನೇತುಬಿದ್ದಿದೆ. ಬೋಲ್ಟು ಬಿದ್ದರೆ ಮುನೀಂದ್ರ ಅದರಲ್ಲೇ ಮಣ್ಣು ಜಾಲಿಸುತ್ತಾರೆ.

ಹಗೇವು ಮುಚ್ಚಿದ ದಿನವನ್ನು ಬರೆದುಕೊಳ್ಳುವಾಗ, ಅಂದೇ ಕಾರೂ ತಾನಾಗಿ ಹೊರಟಿತು ಎಂದು ಸೇರಿಸಬಹುದೇ ಎಂದು ಕೇಳಲಾಯಿತು. ಕಾರಿನ ಕೆಳಗೆ ಸ್ಪ್ಯಾನರ್ ನಿಂತಿತು. ಸೇರಿಸಿ, ಆದರೆ ಇದ್ದದ್ದು ಇದ್ದ ಹಾಗೆ ಬರೆಯಿರಿ ಎಂದರು. ಅವರ ಮಾತಿನಂತೆ ದಾಖಲಾದದ್ದು ಇಷ್ಟು:

೨೦೦೧ರ ಏಪ್ರಿಲ್ ೪, ಬುಧವಾರ. ಕಗ್ಗದಾಸಪುರದ ಬೈಲಪ್ಪನವರ ಮನೆಯ ಹಗೇವು ಮುಚ್ಚಲಾಯಿತು. ಅದರ ಮೇಲೆ ನಿಂತಿದ್ದ ಸ್ಟ್ಯಾಂಡರ್ಡ್ ಟೆನ್ ಕಾರು ಹಗ್ಗವಿಲ್ಲದೆ, ಯಾರೂ ತಳ್ಳದೆ, ತಮ್ಮ ಪಿಳ್ಳಪ್ಪನ ಬ್ಯಾಟರಿಯ ಮೇಲೆ ರಸ್ತೆ ದಾಟಿತು. ಎಂಜಿನ್ ಓಡಿರಲಿಲ್ಲ.